ಪುಟ್ಟಿಯ ಫೈಲು: 22ನೇ ಕ್ರೋಮೋಸೋಮಿನ ಒಂದು ತುಣುಕು ಇಲ್ಲದಾಗ

ಪುಟ್ಟಿ ನನ್ನ ಹತ್ತಿರ ಬಂದಾಗ ಅವಳಿಗೆ ಆರು ವರ್ಷ. ಬಂದದ್ದು ಮಾತು ಸ್ಪಷ್ಟವಿಲ್ಲ ಅಂತ. ಹೃದಯಕ್ಕೆ ಬೆಂಗಳೂರಿನ ಡಾಕ್ಟರು, ಫಿಟ್ಸ್‌ಗೆ ಮೈಸೂರಿನವರು, ಪದೇ ಪದೇ ಸೋರುವ ಕಿವಿಗೆ ಕುಶಾಲನಗರದವರು ಇದ್ದರು. ಲೆಕ್ಕ ಬಾರದ್ದಕ್ಕೆ ಮಾತ್ರ ಯಾರೂ ಇರಲಿಲ್ಲ. ಅದು ಸೋಮಾರಿತನ ಅಂತ ಶಾಲೆಯಲ್ಲೂ ಮನೆಯಲ್ಲೂ ತೀರ್ಮಾನ ಆಗಿಹೋಗಿತ್ತು.

ನಾನು ಮಡಿಕೇರಿಯಲ್ಲಿ ಮಕ್ಕಳ ಮಾತಿನ ತೊಂದರೆ ನೋಡುವವಳು. ಇವರು ಸೋಮವಾರಪೇಟೆ ಕಡೆಯವರು. ಅಪ್ಪ ಒಂದು ಎಸ್ಟೇಟಿನ ಪಿಕಪ್ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಜೊತೆಗೆ ಅಪ್ಪನ ತಾಯಿ ಇದ್ದಾರೆ. ಗುರುತು ಸಿಗಬಾರದು ಅಂತ ಹೆಸರು ಹೇಳುತ್ತಿಲ್ಲ. ಪುಟ್ಟಿ ಎಂಬುದೂ ನಾನಿಟ್ಟದ್ದೇ. ಬರೆಯೋದಕ್ಕೆ ಇಬ್ಬರೂ ಒಪ್ಪಿದ್ದಾರೆ. "ಬೇರೆಯವರಿಗೆ ಇಷ್ಟು ವರ್ಷ ಹಿಡಿಯದಿದ್ರೆ ಸಾಕು ಮೇಡಂ" ಅಂದರು ಅಮ್ಮ.

ಪುಟ್ಟಿಯ ಮಾತೆಲ್ಲ ಮೂಗಿನಿಂದ ಬರುತ್ತಿತ್ತು. 'ಪ' ಹೇಳಿದರೆ 'ಮ' ಕೇಳಿಸುತ್ತಿತ್ತು, 'ಟ' ಹೇಳಿದರೆ 'ಣ'. 'ಕ' ಬಂದಾಗ ಗಂಟಲಲ್ಲೇ ಒಂದು ಸಣ್ಣ ತಡೆ ಕೊಟ್ಟು ಮುಂದಕ್ಕೆ ಹೋಗುತ್ತಿದ್ದಳು. ಇಂಥ ಮಕ್ಕಳಿಗೆ ಮೂಗಿನ ಕೆಳಗೆ ಕನ್ನಡಿ ಹಿಡಿದು "ಕಾಗೆ ಕಪ್ಪಗಿದೆ" ಅಂತ ಹೇಳಿಸುತ್ತೇವೆ. ಆ ವಾಕ್ಯದಲ್ಲಿ ಮೂಗಿನ ಅಕ್ಷರ ಒಂದೂ ಇಲ್ಲ, ಹಾಗಾಗಿ ಕನ್ನಡಿಯ ಮೇಲೆ ಉಸಿರಿನ ಮಂಜು ಕೂರಬಾರದು. ಮಡಿಕೇರಿಯ ಜುಲೈ ತಿಂಗಳಲ್ಲಿ ಕನ್ನಡಿ ಸುಮ್ಮನಿದ್ದರೂ ಮಂಜಾಗುತ್ತದೆ, ಅದು ಬೇರೆ ಮಾತು. ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಿಡಿದೆ. 'ಕಾಗೆ' ಅನ್ನುವಷ್ಟರಲ್ಲೇ ಎರಡೂ ಹೊಳ್ಳೆಯ ಕೆಳಗೆ ಬಿಳಿ ಕಲೆ ಬಿತ್ತು.

ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ. ಅಂಗುಳ ಸೀಳಿರಲಿಲ್ಲ. ಆದರೆ ಕಿರುನಾಲಿಗೆಯ ತುದಿ ಎರಡಾಗಿತ್ತು, ಮೆದು ಅಂಗುಳದ ನಡುವೆ ತೆಳು ನೀಲಿ ಗೆರೆ ಇತ್ತು. ಕೈಗವಸು ಹಾಕಿ ಗಟ್ಟಿ ಅಂಗುಳದ ಹಿಂದಿನ ಅಂಚು ಮುಟ್ಟಿದರೆ ಒಂದು ಕಚ್ಚು ಸಿಕ್ಕಿತು. ಮೇಲಿನ ಚರ್ಮ ಕೂಡಿದೆ, ಒಳಗಿನ ಸ್ನಾಯು ಕೂಡಿಲ್ಲ. ಇದನ್ನು ಒಳಸೀಳು ಅನ್ನಬಹುದು. ಕಣ್ಣಿಗೆ ಬೀಳದ ಸೀಳು ಆದ್ದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಹಾಲು ಕುಡಿಯುವಾಗ ಮೂಗಿಂದ ಬರ್ತಿತ್ತಾ ಅಂತ ಕೇಳಿದೆ. "ಬರ್ತಿತ್ತು, ಎಲ್ಲಾ ಮಕ್ಕಳಿಗೂ ಬರುತ್ತೆ ಅಂದ್ರು" ಅಂದರು ಅಮ್ಮ.

ಆಗ ಅಂಗಿಯ ಕೊರಳಪಟ್ಟಿಯ ಒಳಗೆ ಎದೆಯ ನಡುವಿನ ಆಪರೇಷನ್ ಗೆರೆ ಕಾಣಿಸಿತು. ಹೃದಯ ಮತ್ತು ಅಂಗುಳ ಎರಡೂ ಕೆಟ್ಟಿರುವ ಮಗುವಿನಲ್ಲಿ ಮೊದಲು ನೆನಪಾಗಬೇಕಾದ ಹೆಸರು ಒಂದಿದೆ. ನಮ್ಮ ವೃತ್ತಿಯವರಿಗೆ ಅದು ಬೇಗ ನೆನಪಾಗುವುದಕ್ಕೆ ಕಾರಣವೂ ಇದೆ. 1978ರಲ್ಲಿ ಈ ಎರಡನ್ನೂ ಮುಖಲಕ್ಷಣದ ಜೊತೆ ಜೋಡಿಸಿ ಬರೆದ ರಾಬರ್ಟ್ ಷ್ಪ್ರಿಂಟ್ಜನ್ ಮಾತಿನ ತಜ್ಞರೇ. ಅದಕ್ಕೂ ಮೊದಲು, 1965ರಲ್ಲಿ, ಫಿಲಡೆಲ್ಫಿಯಾದ ಮಕ್ಕಳ ಹಾರ್ಮೋನ್ ತಜ್ಞ ಆಂಜೆಲೊ ಡಿಜಾರ್ಜ್, ರೋಗನಿರೋಧಕ ಕಣಗಳನ್ನು ಬೆಳೆಸುವ ಎದೆಯ ಗ್ರಂಥಿ ಥೈಮಸ್ ಮತ್ತು ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿ ಇಲ್ಲದೆ ಹುಟ್ಟಿದ ಮಕ್ಕಳ ಬಗ್ಗೆ ಹೇಳಿದ್ದರು. ಒಬ್ಬರು ರಕ್ತದ ಕ್ಯಾಲ್ಸಿಯಂ ಕಡೆಯಿಂದ ಬಂದರು, ಇನ್ನೊಬ್ಬರು ಮಾತಿನ ಕಡೆಯಿಂದ. ಎರಡೂ ಒಂದೇ ಅಂತ ಖಚಿತವಾದದ್ದು 1990ರ ದಶಕದಲ್ಲಿ, ಬಹುಪಾಲು ಮಕ್ಕಳಲ್ಲಿ 22ನೇ ಕ್ರೋಮೋಸೋಮಿನ ಒಂದೇ ಜಾಗ ಕಳೆದುಹೋಗಿರುವುದು ಕಂಡ ಮೇಲೆ. ಈಗ ಇದನ್ನು 22ಕ್ಯೂ11.2 ಡಿಲೀಷನ್ ಸಿಂಡ್ರೋಮ್ ಅನ್ನುತ್ತಾರೆ. 'ಕ್ಯೂ' ಅಂದರೆ ಕ್ರೋಮೋಸೋಮಿನ ಉದ್ದನೆಯ ತೋಳು, 11.2 ಆ ತೋಳಿನ ಮೇಲಿನ ವಿಳಾಸ, ಡಿಲೀಷನ್ ಅಂದರೆ ಅಲ್ಲಿಯ ತುಣುಕು ಬಿಟ್ಟುಹೋಗಿರುವುದು.

ಫೈಲಿನಲ್ಲೇ ಇತ್ತು

ಮುಂದಿನ ಸಲ ಬರುವಾಗ ಹಳೆಯ ಕಾಗದವನ್ನೆಲ್ಲ ತರಲು ಹೇಳಿದೆ. ತಂದರು. ಬಟ್ಟೆ ಅಂಗಡಿಯ ಕವರಿನಲ್ಲಿ ಎಲ್ಲವೂ ಇತ್ತು. ಮೂರು ಕಡೆ ನನ್ನ ಕಣ್ಣು ನಿಂತಿತು.

ಹೃದಯದ ಆಪರೇಷನ್ ಆದದ್ದು ಅವಳಿಗೆ ವರ್ಷ ತುಂಬುವ ಹೊತ್ತಿಗೆ. ಟೆಟ್ರಾಲಜಿ ಆಫ್ ಫ್ಯಾಲೋ, ಅಂದರೆ ಅಳುವಾಗ ತುಟಿ, ಉಗುರು ನೀಲಿಯಾಗುವ ಹೃದಯದ ದೋಷ. ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯ ಮೂಲಕ ಕಳಿಸಿದ್ದರಿಂದ ಮನೆಯವರ ಕೈಯಿಂದ ಜಾಸ್ತಿ ಹಣ ಹೋಗಲಿಲ್ಲ. ಆಪರೇಷನ್ ಚೆನ್ನಾಗೇ ಆಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಎದೆ ತೆರೆದ ವೈದ್ಯರು "ಥೈಮಸ್ ತೀರಾ ಸಣ್ಣದು" ಅಂತ ಬರೆದಿದ್ದರು. ಅದರ ಕೆಳಗೇ, ಐಸಿಯುನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿತ್ತು, ಸರಿಪಡಿಸಲಾಗಿದೆ ಎಂಬ ಸಾಲು. ಇವೆರಡೂ ದೊಡ್ಡ ಸುಳಿವುಗಳು. ಆಪರೇಷನ್ ಮಾಡುವವರ ಗಮನ ಹೃದಯದ ಮೇಲಿರುತ್ತದೆ, ಅದು ಸರಿಯೇ. ಆದರೆ ಆ ಸಾಲುಗಳನ್ನು ಆಮೇಲೆ ಯಾರಾದರೂ ಓದಬೇಕಿತ್ತಲ್ಲ.

ಮೂರನೆಯದು ಒಂದು ಲ್ಯಾಬ್ ವರದಿ. ಯಾರೋ ಒಬ್ಬ ಡಾಕ್ಟರಿಗೆ ಆಗಲೇ ಅನುಮಾನ ಬಂದು ಕ್ರೋಮೋಸೋಮ್ ಪರೀಕ್ಷೆ ಬರೆದಿದ್ದರು. ಫಲಿತಾಂಶ: 46, ಎಕ್ಸ್‌ಎಕ್ಸ್, ನಾರ್ಮಲ್. ಈ ನಾರ್ಮಲ್ ಎಂಬ ಮಾತೇ ಐದು ವರ್ಷ ಬಾಗಿಲು ಮುಚ್ಚಿಸಿತು. ಹೋದಲ್ಲೆಲ್ಲ ಅಪ್ಪ ಅದನ್ನೇ ತೋರಿಸುತ್ತಿದ್ದರು. "ಜೆನೆಟಿಕ್ ಟೆಸ್ಟ್ ಆಗಿದೆ ಸಾರ್, ಏನೂ ಇಲ್ಲ" ಅನ್ನುತ್ತಿದ್ದರು.

ಆ ಪರೀಕ್ಷೆ ಕ್ಯಾರಿಯೋಟೈಪ್. ಸೂಕ್ಷ್ಮದರ್ಶಕದಲ್ಲಿ 46 ಕ್ರೋಮೋಸೋಮುಗಳನ್ನು ಜೋಡಿಸಿ, ಎಣಿಸಿ, ಪಟ್ಟೆ ನೋಡುವುದು. ಡೌನ್ ಸಿಂಡ್ರೋಮಿನಲ್ಲಿ ಒಂದು ಜಾಸ್ತಿ ಇದ್ದರೆ ತಕ್ಷಣ ಕಾಣುತ್ತದೆ. ಸುಮಾರು 50 ಲಕ್ಷದಿಂದ ಒಂದು ಕೋಟಿ ಡಿಎನ್‌ಎ ಅಕ್ಷರಕ್ಕಿಂತ ಸಣ್ಣ ತುಣುಕು ಹೋಗಿದ್ದರೆ ಸಾಮಾನ್ಯವಾಗಿ ಅದಕ್ಕೆ ಕಾಣುವುದಿಲ್ಲ. ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಹೋಗಿರುವುದು ಸುಮಾರು 30 ಲಕ್ಷ ಅಕ್ಷರ. ಮನುಷ್ಯನ ಇಡೀ ಡಿಎನ್‌ಎ ಸುಮಾರು 300 ಕೋಟಿ ಅಕ್ಷರ. ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲೇ ನಲವತ್ತಕ್ಕೂ ಹೆಚ್ಚು ಜೀನ್‌ಗಳಿವೆ. ಅವುಗಳಲ್ಲಿ ಟಿಬಿಎಕ್ಸ್1 ಎಂಬುದು ಗರ್ಭದಲ್ಲಿ ಕತ್ತಿನ ಭಾಗ ಬೆಳೆಯುವಾಗ ಕೆಲಸ ಮಾಡುತ್ತದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಥೈಮಸ್, ಪ್ಯಾರಾಥೈರಾಯ್ಡ್, ಅಂಗುಳ ಎಲ್ಲ ರೂಪುಗೊಳ್ಳುವುದು ಆ ಭಾಗದಿಂದಲೇ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುವ ತೊಂದರೆಗಳು ಒಂದೇ ಮಗುವಿಗೆ ಬರುವುದು ಅದಕ್ಕೇ.

ಬೇಕಾದ ಪರೀಕ್ಷೆ ಬೇರೆ. ಫಿಶ್ ಎಂಬುದು ಆ ಒಂದು ಜಾಗಕ್ಕೆ ಅಂಟುವ ಹೊಳೆಯುವ ಗುರುತು ಹಾಕಿ ನೋಡುತ್ತದೆ. ಎರಡು ಚುಕ್ಕೆ ಇರಬೇಕಾದಲ್ಲಿ ಒಂದೇ ಇದ್ದರೆ ಇನ್ನೊಂದು ಪ್ರತಿ ಇಲ್ಲ ಎಂದರ್ಥ. ಎಂಎಲ್‌ಪಿಎ ಎಂಬ ಇನ್ನೊಂದು ವಿಧಾನವಿದೆ. ಕ್ರೋಮೋಸೋಮಲ್ ಮೈಕ್ರೋಅರೇ ಎಲ್ಲಾ ಕ್ರೋಮೋಸೋಮುಗಳನ್ನೂ ಒಟ್ಟಿಗೆ ಜಾಲಾಡುತ್ತದೆ, ದುಡ್ಡೂ ಜಾಸ್ತಿ. ಯಾವ ಕಾಯಿಲೆ ಅಂತ ಅಂದಾಜಿಲ್ಲದಿದ್ದರೆ ಮೈಕ್ರೋಅರೇ ಒಳ್ಳೆಯದು. ಇಲ್ಲಿ ಅನುಮಾನ ಗಟ್ಟಿಯಾಗಿತ್ತು. ಆದರೂ ಬೆಂಗಳೂರಿನ ಜೆನೆಟಿಕ್ಸ್ ವಿಭಾಗದವರು ಮೈಕ್ರೋಅರೇ ಮಾಡಿಸಿದರು, ಎಷ್ಟು ಉದ್ದ ಹೋಗಿದೆ ಅಂತಲೂ ಗೊತ್ತಾಗಲಿ ಎಂದು. ಕೆಲವು ವಾರದ ನಂತರ ಉತ್ತರ ಬಂತು. ಹೋಗಿತ್ತು.

ಫಿಟ್ಸ್ ಅಂದುಕೊಂಡದ್ದು

ಪುಟ್ಟಿಗೆ ನಾಲ್ಕು ವರ್ಷವಿದ್ದಾಗ ಮಳೆಗಾಲದ ಜ್ವರದಲ್ಲಿ ಕೈಕಾಲು ಸೆಟೆದು ಪ್ರಜ್ಞೆ ತಪ್ಪಿತ್ತು. ಆಮೇಲೆ ಇನ್ನೊಮ್ಮೆ, ವಾಂತಿಭೇದಿಯಾದಾಗ. ಒಂದು ಆಸ್ಪತ್ರೆಯಲ್ಲಿ ಅಪಸ್ಮಾರ ಎಂದು ಮಾತ್ರೆ ಶುರು ಮಾಡಿದರು. ಕ್ಯಾಲ್ಸಿಯಂ ನೋಡಿದ ದಾಖಲೆ ಎಲ್ಲೂ ಇಲ್ಲ.

ಪ್ಯಾರಾಥೈರಾಯ್ಡ್ ಗ್ರಂಥಿಗಳು ಕತ್ತಿನಲ್ಲಿ ಥೈರಾಯ್ಡಿನ ಹಿಂದೆ ಇರುವ ಪುಟ್ಟ ಗಂಟುಗಳು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದ ಹಾಗೆ ನೋಡಿಕೊಳ್ಳುವುದು ಅವುಗಳ ಹಾರ್ಮೋನು, ಪಿಟಿಎಚ್. ಈ ಮಕ್ಕಳಲ್ಲಿ ಹಲವರಿಗೆ ಗ್ರಂಥಿ ಸಣ್ಣದಿರುತ್ತದೆ. ಮಾಮೂಲಿ ದಿನಗಳಲ್ಲಿ ಹೇಗೋ ನಡೆಯುತ್ತದೆ. ಜ್ವರ, ಆಪರೇಷನ್, ಮೈನೆರೆಯುವ ವಯಸ್ಸು, ಗರ್ಭಿಣಿಯಾದಾಗ, ಅಂದರೆ ದೇಹ ಜಾಸ್ತಿ ಕೇಳುವಾಗ, ಕ್ಯಾಲ್ಸಿಯಂ ಧಿಡೀರ್ ಇಳಿದು ಸೆಳೆತ ಬರಬಹುದು. ಇನ್ನೊಂದು ತೊಡಕೂ ಇದೆ: ಫಿಟ್ಸ್‌ಗೆ ಕೊಡುವ ಕೆಲವು ಹಳೆಯ ಮಾತ್ರೆಗಳು ವಿಟಮಿನ್ ಡಿಯನ್ನು ದೇಹದಲ್ಲಿ ಬೇಗ ಖಾಲಿ ಮಾಡುತ್ತವೆ, ಅದರಿಂದ ಕ್ಯಾಲ್ಸಿಯಂ ಮತ್ತೂ ಇಳಿಯಬಹುದು. ಹಾಗಂತ ಎಲ್ಲ ಫಿಟ್ಸೂ ಕ್ಯಾಲ್ಸಿಯಂನದಲ್ಲ. ಈ ಡಿಲೀಷನ್ ಇರುವವರಿಗೆ ನಿಜವಾದ ಅಪಸ್ಮಾರವೂ ಉಳಿದವರಿಗಿಂತ ಜಾಸ್ತಿ. ಪುಟ್ಟಿಯ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಚೆನ್ನಾಗಿತ್ತು, ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎರಡೂ ಕಡಿಮೆ ಇದ್ದವು. ನರರೋಗ ತಜ್ಞರು ಮಾತ್ರೆಯನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಮನೆಯವರೇ ಥಟ್ಟನೆ ನಿಲ್ಲಿಸುವಂಥದ್ದಲ್ಲ ಅದು. ಈಗ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಕೆಲಸ ಮಾಡುವ ರೂಪ) ನಡೆಯುತ್ತಿದೆ. ಜಾಸ್ತಿಯಾದರೆ ಮೂತ್ರಪಿಂಡದಲ್ಲಿ ಕಲ್ಲಾಗಬಹುದು, ಆದ್ದರಿಂದ ರಕ್ತ, ಮೂತ್ರ ಎರಡನ್ನೂ ಆಗಾಗ ನೋಡಬೇಕು.

ಅಪ್ಪನ ಕೈ

ಈ ಡಿಲೀಷನ್ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಹೊಸದಾಗಿ ಆಗುವಂಥದ್ದು. 22ನೇ ಕ್ರೋಮೋಸೋಮಿನ ಆ ಜಾಗದ ಎರಡೂ ಬದಿಯಲ್ಲಿ ಹೆಚ್ಚು ಕಡಿಮೆ ಒಂದೇ ಥರದ ಬರಹವಿದೆ. ಒಂದೇ ಸಾಲು ಎರಡು ಕಡೆ ಬರುವ ಪುಟ ನಕಲು ಮಾಡುವಾಗ ಕಣ್ಣು ಮೊದಲ ಸಾಲಿನಿಂದ ಎರಡನೆಯದಕ್ಕೆ ಹಾರಿದರೆ ನಡುವಿನದು ಬಿಟ್ಟುಹೋಗುತ್ತದೆ ಅಲ್ವಾ, ಅಂಡ ಅಥವಾ ವೀರ್ಯಾಣು ಆಗುವಾಗ ಹಾಗೆ ಆಗುತ್ತದೆ. ಗ್ರಹಣ, ಪಪ್ಪಾಯಿ, ಗರ್ಭಿಣಿ ತೋಟದಲ್ಲಿ ಓಡಾಡಿದ್ದು, ಯಾವುದೂ ಕಾರಣವಲ್ಲ. ಅಜ್ಜಿ ಇಷ್ಟು ವರ್ಷ ಸೊಸೆಯ ಕಡೆ ಬೆರಳು ತೋರಿಸಿದ್ದರು. "ಅವಳ ಕಡೆ ಇಂಥವು ಇದ್ವೇನೋ" ಎಂಬ ಮಾತು ನನ್ನ ಎದುರೂ ಬಂದಿತ್ತು.

ಆದರೂ ಇಬ್ಬರಿಗೂ ಪರೀಕ್ಷೆ ಮಾಡುತ್ತಾರೆ, ಉಳಿದ ಹತ್ತರಲ್ಲಿ ಒಂದು ಪಾಲಿಗಾಗಿ. ಮಗುವಿನಲ್ಲಿ ಜಾಗ ಗೊತ್ತಾದ ಮೇಲೆ ಹೆತ್ತವರಿಗೆ ಸಣ್ಣ ಪರೀಕ್ಷೆ ಸಾಕು. ಅಮ್ಮನದು ಸರಿಯಿತ್ತು. ಅಪ್ಪನಲ್ಲಿ ಅದೇ ಡಿಲೀಷನ್.

ಆಮೇಲೆ ನೋಡಿದರೆ ಎಲ್ಲ ಕಣ್ಣ ಮುಂದೆಯೇ ಇತ್ತು. ಅವರ ದನಿಯಲ್ಲಿ ಒಂದು ಮೂಗಿನ ಛಾಯೆ ಇದೆ, ಇಡೀ ಊರಿಗೆ ಅದು ರೂಢಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರು. ದಾರಿಗಳೆಲ್ಲ ಬಾಯಿಪಾಠ, ಡೀಸೆಲ್ ಬಿಲ್ಲಿನ ಲೆಕ್ಕ ಮಾತ್ರ ಹೆಂಡತಿಯದು. ಚಳಿಗಾಲದ ಬೆಳಿಗ್ಗೆ ಸ್ಟೀರಿಂಗ್ ಹಿಡಿದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡು ಸೆಟೆದು ನಿಲ್ಲುತ್ತಿದ್ದವು. ಚಳಿ ಅಂತ ಬೆಂಕಿಗೆ ಹಿಡಿದು ಸರಿ ಮಾಡಿಕೊಳ್ಳುತ್ತಿದ್ದರು. ರಕ್ತ ನೋಡಿದರೆ ಕ್ಯಾಲ್ಸಿಯಂ ಕಡಿಮೆ. ಘಾಟಿ ರಸ್ತೆಯಲ್ಲಿ ಲೋಡ್ ಹೊತ್ತು ಇಳಿಯುವ ಮನುಷ್ಯ! ಅವರ ಹೃದಯದ ಎಕೋ ಸರಿಯಿತ್ತು. ಒಂದೇ ತುಣುಕು ಕಳೆದುಕೊಂಡ ಅಪ್ಪ ಮಗಳಲ್ಲಿ ಒಬ್ಬರಿಗೆ ಹೃದಯವೇ ಕೆಟ್ಟಿತ್ತು, ಇನ್ನೊಬ್ಬರು ಮೂವತ್ತು ದಾಟಿದರೂ ಗೊತ್ತಾಗದೆ ಬದುಕಿದ್ದರು. ಈ ಕಾಯಿಲೆಯ ಸ್ವಭಾವವೇ ಹೀಗೆ. ವರದಿ ಓದಿ ಮಗು ಹೇಗಾಗುತ್ತದೆ ಅಂತ ಹೇಳಲಾಗುವುದಿಲ್ಲ.

"ಹಂಗಾದ್ರೆ ನನ್ನಿಂದ್ಲೇ ಬಂತಾ?" ಎಂದು ಅಪ್ಪ ಕೇಳಿದಾಗ ಜೆನೆಟಿಕ್ಸ್ ವಿಭಾಗದ ಕೌನ್ಸೆಲರ್ ನೇರವಾಗಿ ಹೌದು ಅಂದರು. ನೀವು ಬೇಕೆಂದು ಕೊಟ್ಟಿದ್ದಲ್ಲ, ನಿಮಗೂ ಹುಟ್ಟುವಾಗಲೇ ಇತ್ತು, ಇದರಲ್ಲಿ ತಪ್ಪು ಯಾರದೂ ಇಲ್ಲ ಅಂತಲೂ ಹೇಳಿದರು. ಸುತ್ತಿ ಬಳಸಿ ಹೇಳದಿದ್ದದ್ದು ಒಳ್ಳೆಯದಾಯಿತು ಎಂದೇ ನನಗನ್ನಿಸುತ್ತದೆ. ಅಜ್ಜಿ ಆ ದಿನದಿಂದ ಸೊಸೆಯ ತವರಿನ ಸುದ್ದಿ ಎತ್ತಿಲ್ಲವಂತೆ. ಅವರಿಗೂ ಪರೀಕ್ಷೆ ಮಾಡಬಹುದಿತ್ತು. ಮಗ ಬೇಡ ಅಂದರು.

ಇನ್ನೊಂದು ಮಗು ಬೇಕೆಂದರೆ ಪ್ರತಿ ಬಸುರಿಗೂ ಅರ್ಧಕ್ಕರ್ಧ ಸಾಧ್ಯತೆ ಇದೆ. ಸುಮಾರು 11ರಿಂದ 13 ವಾರದಲ್ಲಿ ಮಾಸುವಿನ ತುಣುಕು, ಅಥವಾ 15 ವಾರದ ನಂತರ ಗರ್ಭದ ನೀರು ತೆಗೆದು ನೋಡಬಹುದು. ಮಾಮೂಲಿ ಸ್ಕ್ಯಾನ್ ಈ ತುಣುಕನ್ನು ತೋರಿಸುವುದಿಲ್ಲ, ಹೃದಯದ ದೋಷವಿದ್ದರೆ ಅದು ಕಾಣಬಹುದು ಅಷ್ಟೇ. ಇವರು ಇನ್ನೂ ತೀರ್ಮಾನ ಮಾಡಿಲ್ಲ.

ಯಾರ ಹತ್ತಿರ ಹೋಗುವುದು

ಹೆಸರು ಗೊತ್ತಾದ ಮೇಲೆ ಅಪ್ಪನ ಮೊದಲ ಪ್ರಶ್ನೆ, ಇದಕ್ಕೆ ದೊಡ್ಡ ಡಾಕ್ಟರ್ ಎಲ್ಲಿದ್ದಾರೆ ಅಂತ. ಎಲ್ಲರೂ ಹೀಗೇ ಕೇಳುತ್ತಾರೆ. ಕೆಲವು ದೇಶಗಳಲ್ಲಿ ಈ ಒಂದು ಕಾಯಿಲೆಗೇ ಹತ್ತಾರು ವಿಭಾಗದವರು ಒಂದೇ ದಿನ ಕೂತು ನೋಡುವ ಕ್ಲಿನಿಕ್‌ಗಳಿವೆ. ನಮ್ಮಲ್ಲಿ ಅದನ್ನು ನಾವೇ ಜೋಡಿಸಿಕೊಳ್ಳಬೇಕು. ಕೊಡಗಿನವರಿಗೆ ಇದು ಇನ್ನೂ ಕಷ್ಟ. ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡರಷ್ಟು. ಕಾಫಿ ಕುಯ್ಲಿನ ತಿಂಗಳಲ್ಲಿ ಅಪ್ಪನಿಗೆ ರಜೆ ಸಿಗುವುದಿಲ್ಲ. ಮಳೆ ಹಿಡಿದರೆ ರಸ್ತೆಯನ್ನು ನಂಬುವಂತಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಈ ಮಗುವಿಗೆ ಮುಖ್ಯ ಡಾಕ್ಟರು ಹತ್ತಿರದ ಮಕ್ಕಳ ಡಾಕ್ಟರೇ ಆಗಬೇಕು. ದೂರದ ತಜ್ಞರ ಹತ್ತಿರ ನಿರ್ದಿಷ್ಟ ಪ್ರಶ್ನೆ ಇಟ್ಟುಕೊಂಡು ಹೋಗಬೇಕು, ಉತ್ತರ ಬರೆಸಿಕೊಂಡು ಇಲ್ಲಿಗೆ ತರಬೇಕು. ಪುಟ್ಟಿಯ ಅದೃಷ್ಟ, ಮಡಿಕೇರಿಯ ಮಕ್ಕಳ ಡಾಕ್ಟರೊಬ್ಬರು ಒಪ್ಪಿಕೊಂಡರು. ಈ ಕಾಯಿಲೆ ಮೊದಲು ನೋಡಿರಲಿಲ್ಲ ಅಂತ ಹೇಳಿಯೇ ಒಪ್ಪಿಕೊಂಡರು. ಮಕ್ಕಳಲ್ಲಿ ಯಾವ ವಯಸ್ಸಿಗೆ ಏನು ನೋಡಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2011ರಲ್ಲಿ ಬಂದಿದೆ, 2023ರಲ್ಲಿ ಪರಿಷ್ಕರಿಸಿದ್ದಾರೆ. ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿದರು.

ಕ್ಯಾಲ್ಸಿಯಂ, ಥೈರಾಯ್ಡ್, ರಕ್ತದ ಎಣಿಕೆ, ಬೆನ್ನುಮೂಳೆ ವಾಲುತ್ತಿದೆಯಾ ಎಂಬುದು ಇಲ್ಲೇ ಆಗುತ್ತದೆ. ಮೂತ್ರಪಿಂಡದ ಸ್ಕ್ಯಾನ್ ಒಂದು ಸಲ ಆಯಿತು. ಈ ಮಕ್ಕಳಲ್ಲಿ ಕೆಲವರಿಗೆ ಒಂದೇ ಮೂತ್ರಪಿಂಡ ಇರುತ್ತದೆ, ಪುಟ್ಟಿಗೆ ಎರಡೂ ಇವೆ. ಹೃದಯದ ಆಪರೇಷನ್ ಆಯ್ತು, ಇನ್ನು ಮುಗೀತು ಅಂದುಕೊಂಡಿದ್ದರು. ಫ್ಯಾಲೋ ರಿಪೇರಿಯಾದವರಿಗೆ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯ ಕವಾಟ ವರ್ಷ ಕಳೆದಂತೆ ಸೋರಬಹುದು, ಜೀವನಪೂರ್ತಿ ನೋಡಿಸುತ್ತಿರಬೇಕು. ಅದಕ್ಕೆ ವರ್ಷಕ್ಕೊಮ್ಮೆ ಬೆಂಗಳೂರು. ರೋಗನಿರೋಧಕ ಟಿ ಕಣಗಳ ಎಣಿಕೆಯೂ ಅಲ್ಲೇ ಆಯಿತು. ಸ್ವಲ್ಪ ಕಡಿಮೆ, ಭಯಪಡುವಷ್ಟಿಲ್ಲ. ಈ ಎಣಿಕೆ ಗೊತ್ತಿಲ್ಲದೆ ಜೀವಂತ ಲಸಿಕೆ ಕೊಡಬಾರದು, ರಕ್ತ ಕೊಡಬೇಕಾಗಿ ಬಂದರೆ ವಿಕಿರಣಕ್ಕೊಡ್ಡಿದ ರಕ್ತವನ್ನೇ ಕೊಡಬೇಕು ಎಂಬುದು ನಿಯಮ. ಪುಟ್ಟಿಗೆ ದಡಾರದ ಲಸಿಕೆ ಆಗಲೇ ಆಗಿಹೋಗಿತ್ತು, ಪುಣ್ಯಕ್ಕೆ ಏನೂ ಆಗಲಿಲ್ಲ.

ಜೆನೆಟಿಕ್ಸ್‌ಗೆ ಎಲ್ಲಿ ಹೋಗುವುದು ಎಂದು ಕೇಳುವವರಿಗೆ: ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಕೇಂದ್ರ ಸರ್ಕಾರದ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿವೆ. ಆ 2021ರ ನೀತಿಯ ಹಣಸಹಾಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ. ಪುಟ್ಟಿಯಂಥವರಿಗೆ ಬೇಕಿರುವುದು ದುಬಾರಿ ಔಷಧಿಯಲ್ಲ, ಸಲಹೆ ಮತ್ತು ನಿಯಮಿತ ತಪಾಸಣೆ. ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್‌ನಲ್ಲಿ ಬಾಯಿ, ಅಂಗುಳದ ದೋಷಗಳಿಗೆ ಪ್ರತ್ಯೇಕ ಘಟಕವೇ ಇದೆ. ಹಾದಿ ಶುರುಮಾಡಲು ಜಿಲ್ಲಾಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರ) ಅಥವಾ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡ ಸಾಕು.

ಬಟ್ಟೆ ಅಂಗಡಿಯ ಕವರ್ ಹೋಗಿ ಈಗ ಪ್ಲಾಸ್ಟಿಕ್ ಫೈಲ್ ಬಂದಿದೆ. ಮೊದಲ ಹಾಳೆ ಲ್ಯಾಮಿನೇಟ್ ಆಗಿದೆ. ಕಾಯಿಲೆಯ ಹೆಸರು, ಹೃದಯದ ಆಪರೇಷನ್, ನಡೆಯುತ್ತಿರುವ ಔಷಧಿ, ಅದರ ಕೆಳಗೆ ದಪ್ಪಕ್ಷರದಲ್ಲಿ: "ಸೆಳೆತ ಬಂದರೆ ಮೊದಲು ಕ್ಯಾಲ್ಸಿಯಂ ನೋಡಿ." ಕಳೆದ ಮಳೆಗಾಲದಲ್ಲಿ ಜ್ವರ ಬಂದು ರಾತ್ರಿ ಹೊತ್ತು ಒಂದು ಸಣ್ಣ ಆಸ್ಪತ್ರೆಗೆ ಹೋದಾಗ ಅಮ್ಮ ಆ ಹಾಳೆಯನ್ನು ಡ್ಯೂಟಿ ಡಾಕ್ಟರ ಕೈಗೆ ಕೊಟ್ಟರಂತೆ. ರಕ್ತ ಕಳಿಸಿದರು. ಇಳಿದಿತ್ತು, ಸೆಳೆತ ಬರುವ ಮೊದಲೇ ಡ್ರಿಪ್‌ನಲ್ಲಿ ಕೊಟ್ಟರು.

ಶಾಲೆ, ಮತ್ತು ಮುಂದಿನದು

ಲೆಕ್ಕ ಸೋಮಾರಿತನವಲ್ಲ. ಈ ಮಕ್ಕಳಲ್ಲಿ ಕೇಳಿ ಬಾಯಿಪಾಠ ಮಾಡುವ ಶಕ್ತಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಸಂಖ್ಯೆ, ಜಾಗ, ಗಡಿಯಾರ, ದುಡ್ಡಿನ ಲೆಕ್ಕ ಹಿಂದೆ. ಪುಟ್ಟಿ ಮಗ್ಗಿ ಹತ್ತರವರೆಗೆ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಐದು ರೂಪಾಯಿಯ ಎರಡು ನಾಣ್ಯ ಸೇರಿದರೆ ಎಷ್ಟು ಅಂದರೆ ಮುಖ ನೋಡುತ್ತಾಳೆ. ಮಗ್ಗಿ ಬರುತ್ತದಲ್ಲ, ಇದು ಯಾಕೆ ಬರಲ್ಲ ಅಂತ ಟೀಚರಿಗೆ ಸಿಟ್ಟು ಬರುತ್ತಿದ್ದದ್ದು ಸಹಜವೇ. ಕಾರಣ ಗೊತ್ತಾದ ಮೇಲೆ ಅವರೇ ನಾಣ್ಯ, ಹುಣಸೆಬೀಜ ಇಟ್ಟು ಕಲಿಸಲು ಶುರುಮಾಡಿದ್ದಾರೆ.

ಹೇಳಲು ಕಷ್ಟವಾದ ಮಾತು ಇನ್ನೊಂದಿತ್ತು. ಈ ಡಿಲೀಷನ್ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ದೊಡ್ಡವರಾದ ಮೇಲೆ ಸ್ಕಿಜೋಫ್ರೀನಿಯಾ ಥರದ ಮಾನಸಿಕ ಕಾಯಿಲೆ ಬರಬಹುದು. ಬಾಲ್ಯದಲ್ಲಿ ಆತಂಕ, ಗಮನ ಕೊಡಲಾಗದಿರುವುದು ಸಾಮಾನ್ಯ. ಆರು ವರ್ಷದ ಮಗುವಿನ ಅಮ್ಮನಿಗೆ ಇದನ್ನು ಈಗಲೇ ಹೇಳಬೇಕಾ ಎಂದು ನಾವೂ ಚರ್ಚೆ ಮಾಡಿದ್ದೆವು. ಫೋನಿನಲ್ಲಿ ಹುಡುಕಿ ಭಯಪಡುವುದಕ್ಕಿಂತ ನಮ್ಮಿಂದ ಕೇಳುವುದು ಮೇಲು ಅಂತ ಹೇಳಿಯೇಬಿಟ್ಟೆವು. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ "ಮೂರು ಜನಕ್ಕೆ ಬರಲ್ಲ ಅಲ್ವಾ" ಅಂದರು. ಹದಿಹರೆಯದಲ್ಲಿ ನಿದ್ದೆ ಕೆಡುವುದು, ಸ್ನೇಹಿತರಿಂದ ದೂರವಾಗುವುದು, ಇಲ್ಲದ ದನಿ ಕೇಳುವುದು ಕಂಡರೆ ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು ಎಂಬುದು ಫೈಲಿನಲ್ಲಿ ಸೇರಿದೆ.

ಇನ್ನು ಮಾತು, ಅವಳು ಬಂದ ಕಾರಣ. ಗಂಟಲಲ್ಲಿ ತಡೆಯುವ ಅಭ್ಯಾಸವನ್ನು ತರಬೇತಿಯಿಂದ ಬಿಡಿಸಬಹುದು, ಬಹಳಷ್ಟು ಬಿಡಿಸಿದ್ದೇವೆ. ಮೂಗಿಗೆ ಸೋರುವ ಗಾಳಿಯನ್ನು ತರಬೇತಿ ತಡೆಯುವುದಿಲ್ಲ, ಅದಕ್ಕೆ ಆಪರೇಷನ್ ಬೇಕು. ಪೀಪಿ ಊದಿಸುವುದು, ಬಲೂನ್ ಊದಿಸುವುದು, ಮೇಣದಬತ್ತಿ ಆರಿಸುವುದನ್ನು ಇನ್ನೂ ಕೆಲವರು ಬರೆದುಕೊಡುತ್ತಾರೆ. ಅದರಿಂದ ಅಂಗುಳ ಗಟ್ಟಿಯಾಗುವುದಿಲ್ಲ, ಮಗುವಿನ ಸಮಯ ಹಾಳು. ಇನ್ನೊಂದು ವಿಷಯ ಎಲ್ಲ ಇಎನ್‌ಟಿಯವರಿಗೂ ಹೇಳಬೇಕು ಅನ್ನಿಸುತ್ತದೆ. ಕಿವಿ ಸೋರುತ್ತದೆ ಅಂತ ಇಂಥ ಮಗುವಿನ ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಮಾಂಸದ ಗಂಟು ತೆಗೆದರೆ ಮಾತು ಇನ್ನೂ ಕೆಡಬಹುದು. ಗಿಡ್ಡ ಅಂಗುಳಕ್ಕೆ ಅಷ್ಟೋ ಇಷ್ಟೋ ಆಸರೆಯಾಗಿ ಗಾಳಿ ತಡೆಯುತ್ತಿರುವುದು ಆ ಅಡಿನಾಯ್ಡೇ. ಪುಟ್ಟಿಗೂ ಅದನ್ನು ತೆಗೆಯಲು ದಿನ ಗೊತ್ತಾಗಿತ್ತು, ಕುಯ್ಲು ಬಂತು ಅಂತ ಮುಂದೂಡಿದ್ದರು!

ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಅವಳು ಮಾತಾಡುತ್ತಿರುವಾಗಲೇ ಅಂಗುಳ ಎಷ್ಟು ಏಳುತ್ತದೆ ಎಂದು ನೋಡಿದ್ದಾರೆ. ಎಂಆರ್‌ಐನಲ್ಲಿ ಕತ್ತಿನ ದೊಡ್ಡ ರಕ್ತನಾಳ ಒಂದು ಗಂಟಲ ಹಿಂಗೋಡೆಯ ನಡುವಿನತ್ತ ಸರಿದಿರುವುದು ಕಂಡಿದೆ. ಈ ಡಿಲೀಷನ್‌ನಲ್ಲಿ ಹೀಗಿರುವುದುಂಟು, ಗೊತ್ತಿಲ್ಲದೆ ಕತ್ತಿ ಇಟ್ಟರೆ ಅಪಾಯ. ಸರ್ಜನ್ ಅದನ್ನು ನೋಡಿ ಆಪರೇಷನ್‌ನ ವಿಧಾನ ಬದಲಿಸಿದ್ದಾರೆ. ಅರಿವಳಿಕೆಯವರಿಗೆ ಮಕ್ಕಳ ಡಾಕ್ಟರು ಪತ್ರ ಬರೆದಿದ್ದಾರೆ: ಹಿಂದಿನ ದಿನ, ಆಪರೇಷನ್ ನಡೆಯುವಾಗ, ಮರುದಿನ ಕ್ಯಾಲ್ಸಿಯಂ ನೋಡಬೇಕು, ಹೃದಯದ ಹೊಸ ಎಕೋ ಬೇಕು. ಆಪರೇಷನ್ ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು. ಅಪ್ಪನ ಕ್ಯಾಲ್ಸಿಯಂ ತಪಾಸಣೆಯೂ ಅದೇ ವಾರಕ್ಕೆ ಬರುವ ಹಾಗೆ ಅಮ್ಮ ಎರಡೂ ಕಡೆ ಫೋನ್ ಮಾಡಿ ದಿನ ಹೊಂದಿಸಿದ್ದಾರೆ.